ಎಂಟು ಜನಕ್ಕೆ ಗುಂಡಿಕ್ಕಿದರೆ ದೇಶ ಸರಿ ಹೋಗುತ್ತದಾ? ರಾಲಿಂಗ್ಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಆಫ್ರಿಕಾದ ರಾಜಕೀಯದ ಬಗ್ಗೆ ನಾನು ಏನೇ ಬರೆಯಲಿ, ಪ್ರಶ್ನೆ ಬರುವುದು ಮಾತ್ರ ಘಾನಾದಲ್ಲಿ ದಂಗೆ ಎಬ್ಬಿಸಿ ಅಧಿಕಾರ ಹಿಡಿದ ವಾಯುಪಡೆಯ ಕಿರಿಯ ಅಧಿಕಾರಿ ಜೆರ್ರಿ ರಾಲಿಂಗ್ಸ್ ಬಗ್ಗೆಯೇ. ಎಲ್ಲರಿಗೂ ಬಂದಿರುವುದು ಅದೇ ವಾಟ್ಸಾಪ್ ಫಾರ್ವರ್ಡ್. ಸಮವಸ್ತ್ರದ ಗಡ್ಡಧಾರಿಯ ಫೋಟೊ, ಕೆಳಗೆ "ಭ್ರಷ್ಟರನ್ನು ಸಾಲಾಗಿ ನಿಲ್ಲಿಸಿ ಸುಟ್ಟ, ದೇಶ ಉದ್ಧಾರವಾಯಿತು" ಅಂತ ಒಂದು ಸಾಲು. ಇನ್ನು ಒಬ್ಬೊಬ್ಬರಿಗೇ ಉತ್ತರ ಬರೆಯಲು ನನಗೆ ತಾಳ್ಮೆ ಇಲ್ಲ. ಎಲ್ಲ ಇಲ್ಲೇ ಮುಗಿಸುತ್ತೇನೆ. ಘಾನಾ ಎಲ್ಲಿದೆ, ಎನ್‌ಕ್ರುಮಾ ಯಾರು ಅನ್ನುವುದನ್ನೆಲ್ಲ ಹೇಳುತ್ತಾ ಕೂರಲ್ಲ.

ರಾಲಿಂಗ್ಸ್ ಬ್ರಿಟಿಷರ ಏಜೆಂಟ್ ಆಗಿದ್ದನಂತೆ, ಅಪ್ಪ ಬಿಳಿಯನಂತೆ. ನಿಜವಾ?

ಅಪ್ಪ ಸ್ಕಾಟ್ಲೆಂಡಿನವನು, ಅಮ್ಮ ಘಾನಾದ ಎವೆ ಸಮುದಾಯದವಳು. ಅಪ್ಪನ ಊರು ನೋಡಿ ಮಗನನ್ನು ಏಜೆಂಟ್ ಮಾಡುವವರಿಗೆ ನನ್ನ ಹತ್ತಿರ ಔಷಧಿ ಇಲ್ಲ.

ದೇಶ ಆಳಿದವನು ಕೊನೆಯವರೆಗೂ ಬರೀ ಫ್ಲೈಟ್ ಲೆಫ್ಟಿನೆಂಟ್ ಆಗಿಯೇ ಯಾಕೆ ಉಳಿದ?

ತನಗೆ ತಾನೇ ಬಡ್ತಿ ಕೊಟ್ಟುಕೊಳ್ಳಲಿಲ್ಲ, ಅಷ್ಟೇ. ಅದೇ ಕಾಲದಲ್ಲಿ ಲೈಬೀರಿಯಾದಲ್ಲಿ ದಂಗೆ ಎಬ್ಬಿಸಿದ ಸ್ಯಾಮ್ಯುಯೆಲ್ ಡೋ ಸಾರ್ಜೆಂಟ್ ಆಗಿದ್ದವನು ಜನರಲ್ ಆಗಿಬಿಟ್ಟ. ಈ ಒಂದು ವಿಷಯದಲ್ಲಿ ರಾಲಿಂಗ್ಸ್‌ನನ್ನು ಮೆಚ್ಚಲೇಬೇಕು.

1979ರಲ್ಲಿ ರಾಲಿಂಗ್ಸ್ ಭ್ರಷ್ಟ ರಾಜಕಾರಣಿಗಳನ್ನೆಲ್ಲ ಕೊಲ್ಲಿಸಿದ ಮೇಲೆ ಘಾನಾ ಸರಿ ಹೋಯಿತಲ್ವಾ? ನಮ್ಮಲ್ಲೂ ಅಂಥವನೊಬ್ಬ ಒಂದೇ ಒಂದು ವರ್ಷ ಬಂದರೆ ಸಾಕಲ್ವಾ?

ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಪ್ರಶ್ನೆ. ಕೇಳಿದವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಬೇರೆ. ಬೇಜಾರಾಯಿತು.

ಮೊದಲು "ರಾಜಕಾರಣಿಗಳನ್ನೆಲ್ಲ" ಅನ್ನುವುದು. ಸತ್ತವರು ಎಂಟು ಜನ, ಎಂಟೂ ಜನ ಸೈನ್ಯದ ಅಧಿಕಾರಿಗಳು. ಜೂನ್ 16ಕ್ಕೆ ಇಬ್ಬರು: ಹಿಂದೆ ದೇಶ ಆಳಿದ್ದ ಅಚೆಂಪಾಂಗ್ ಮತ್ತು ಗಡಿ ಪಡೆಯ ಮುಖ್ಯಸ್ಥನಾಗಿದ್ದ ಉಟುಕಾ. ಜೂನ್ 26ಕ್ಕೆ ಆರು ಜನ: ಮಾಜಿ ಆಡಳಿತಗಾರರಾದ ಅಫ್ರಿಫಾ ಮತ್ತು ಅಕುಫೊ, ಜೊತೆಗೆ ಕೊಟೇ, ಅಮೆಡೂಮೆ, ಬೋಕ್ಯೆ, ಫೆಲ್ಲಿ. ಬೋಕ್ಯೆ ವಾಯುಪಡೆಯ ಮುಖ್ಯಸ್ಥ, ಅಂದರೆ ರಾಲಿಂಗ್ಸ್‌ನ ಸ್ವಂತ ಬಾಸ್. ಕೊಟೇ ಒಂದು ಕಾಲದಲ್ಲಿ ಹೈಜಂಪ್‌ನಲ್ಲಿ ಹೆಸರು ಮಾಡಿದ್ದವನು. ಮುಚ್ಚಿದ ಬಾಗಿಲ ಹಿಂದೆ ಅವಸರದ ವಿಚಾರಣೆ, ಆಮೇಲೆ ಅಕ್ರಾ ಪಕ್ಕದ ಟೆಶಿಯಲ್ಲಿ ಸೈನ್ಯದ ಶೂಟಿಂಗ್ ರೇಂಜ್‌ನಲ್ಲಿ ಕಂಬಕ್ಕೆ ಕಟ್ಟಿ ಗುಂಡು. ಇವೆರಡು ದಿನಗಳ ಮಧ್ಯೆ, ಜೂನ್ 18ಕ್ಕೆ, ದೇಶದಲ್ಲಿ ಚುನಾವಣೆಯೂ ನಡೆಯಿತು. ಆ ಚುನಾವಣೆ ರಾಲಿಂಗ್ಸ್ ಕೊಟ್ಟಿದ್ದಲ್ಲ. ಹಿಂದಿನ ಸರ್ಕಾರವೇ ದಿನಾಂಕ ಗೊತ್ತು ಮಾಡಿತ್ತು. ಈತ ಅದನ್ನು ನಿಲ್ಲಿಸಲಿಲ್ಲ, ಅಷ್ಟೇ.

ಜನ ಅವನನ್ನು ಯಾಕೆ ಹೊತ್ತು ಮೆರೆಸಿದರು ಅನ್ನುವುದು ನನಗೆ ಅರ್ಥವಾಗುತ್ತದೆ. ಮೇ 15ಕ್ಕೆ ಅವನ ಮೊದಲ ದಂಗೆ ಪಲ್ಟಿ ಹೊಡೆಯಿತು. ಕೋರ್ಟ್ ಮಾರ್ಷಲ್‌ನಲ್ಲಿ ನಿಂತು, ತಪ್ಪೆಲ್ಲ ನನ್ನದು, ನನ್ನ ಹುಡುಗರನ್ನು ಬಿಟ್ಟುಬಿಡಿ ಅನ್ನುವ ಅರ್ಥದಲ್ಲಿ ಮಾತಾಡಿದ. ಅದು ಪೇಪರಿನಲ್ಲಿ ಬಂತು. ದೊಡ್ಡವರು ಹೊಣೆ ಹೊತ್ತಿದ್ದನ್ನೇ ನೋಡಿರದ ಜನಕ್ಕೆ ಅಷ್ಟು ಸಾಕಾಯಿತು. ಜೂನ್ 4ಕ್ಕೆ ಕೆಳದರ್ಜೆಯ ಸೈನಿಕರು ಅವನನ್ನು ಸೆರೆಯಿಂದ ಬಿಡಿಸಿ ನೇರ ರೇಡಿಯೊ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಆಗ ಅವನಿಗೆ 32 ತುಂಬಿರಲಿಲ್ಲ.

ಈಗ ಮುಖ್ಯ ವಿಷಯ. ಫಾರ್ವರ್ಡ್ ಬರೆಯುವವರು ಇದನ್ನು ಮುಟ್ಟುವುದೇ ಇಲ್ಲ. ಘಾನಾದ ಆಗಿನ ಭ್ರಷ್ಟಾಚಾರ ಕೂತಿದ್ದು ಎಲ್ಲಿ? ಡಾಲರ್ ರೇಟಿನಲ್ಲಿ. ಸರ್ಕಾರಿ ರೇಟ್ ಒಂದು ಡಾಲರಿಗೆ 2.75 ಸೆಡಿ (ಸೆಡಿ ಅಂದರೆ ಘಾನಾದ ದುಡ್ಡು). ಕಾಳಸಂತೆಯಲ್ಲಿ ಅದರ ಎಷ್ಟೋ ಪಟ್ಟು. ಯಾರಿಗೆ ಆಮದು ಲೈಸೆನ್ಸ್ ಸಿಕ್ಕಿತೋ ಅವರಿಗೆ ಸರ್ಕಾರಿ ರೇಟಿನಲ್ಲಿ ಡಾಲರ್ ಸಿಗುತ್ತಿತ್ತು. ಅದರಲ್ಲಿ ಸರಕು ತರಿಸಿ ಬ್ಲ್ಯಾಕಿನಲ್ಲಿ ಮಾರಿದರೆ ಕೂತಲ್ಲೇ ಶ್ರೀಮಂತರು. ಅಚೆಂಪಾಂಗ್ ಕಾಲದಲ್ಲಿ ಬೇಕಾದವರಿಗೆ ಲೈಸೆನ್ಸ್ ಕೊಡಿ ಅಂತ ಚೀಟಿ ಬರೆದು ಕೊಡುತ್ತಿದ್ದರು. ಆ ಚೀಟಿಯನ್ನೇ ಇನ್ನೊಬ್ಬರಿಗೆ ಮಾರಿ ಕಾಸು ಮಾಡಿಕೊಂಡವರೂ ಇದ್ದರು. ಈ ಇಡೀ ಕರಾಮತ್ತಿಗೆ ಅಲ್ಲಿನ ಜನ ಇಟ್ಟ ಹೆಸರು ಕಲಬುಲೆ. ಈಗ ಹೇಳಿ, ಎಂಟು ಜನರನ್ನು ಕೊಂದರೆ ಇದು ನಿಲ್ಲುತ್ತದಾ? ರೇಟ್ ಹಾಗೇ ಇದೆ, ಲೈಸೆನ್ಸ್ ಹಾಗೇ ಇದೆ. ಚೀಟಿ ಬರೆಯುವ ಕೈ ಬದಲಾಯಿತು, ಅಷ್ಟೇ. ರಾಲಿಂಗ್ಸ್‌ನ ಆ ಮೊದಲ ಆಳ್ವಿಕೆ ನಡೆದದ್ದು 112 ದಿನ. ಅಷ್ಟೂ ದಿನ ಆ 2.75ನ್ನು ಯಾರೂ ಮುಟ್ಟಲಿಲ್ಲ.

ಮುಟ್ಟಿದ್ದು ಯಾರನ್ನು ಅಂದರೆ ಸಂತೆಯ ಹೆಂಗಸರನ್ನು. ಅಕ್ರಾದ ಮಕೋಲಾ ನಂಬರ್ 1 ಮಾರ್ಕೆಟ್ ಅಂದರೆ ಬಟ್ಟೆ, ಮೀನು, ಟೊಮೆಟೊ, ಹಾಲಿನ ಡಬ್ಬಿ ಎಲ್ಲದಕ್ಕೂ ಹೆಂಗಸರದೇ ದರ್ಬಾರು. ಬೆಲೆ ಏರಿದ್ದಕ್ಕೆ ಇವರೇ ಕಾರಣ ಅಂತ ಸೈನಿಕರು ತೀರ್ಮಾನಿಸಿದರು. ಸರಕು ಎಳೆದು ಹಾಕಿ ಕಂಟ್ರೋಲ್ ರೇಟಿಗೆ ಮಾರಿದರು, ಒಂದಷ್ಟು ತಮ್ಮ ಮನೆಗೂ ಸಾಗಿಸಿದರು. ವ್ಯಾಪಾರದ ಹೆಂಗಸರನ್ನು ಎಲ್ಲರೆದುರು ಬೆತ್ತಲೆ ಮಾಡಿ ಚಡಿ ಏಟು ಕೊಟ್ಟರು. ಕೊನೆಗೆ 1979ರ ಆಗಸ್ಟಿನಲ್ಲಿ ಇಡೀ ಮಾರ್ಕೆಟನ್ನೇ ಡೈನಮೈಟ್ ಇಟ್ಟು, ಬುಲ್ಡೋಜರ್ ಹರಿಸಿ ಕೆಡವಿದರು. ನೋಡುತ್ತಾ ನಿಂತವರು ಚಪ್ಪಾಳೆ ಹೊಡೆದರು. ಕಂಟ್ರೋಲ್ ರೇಟಿನ ಸರಕು ಖಾಲಿಯಾದ ಮೇಲೆ ಮತ್ತೆ ತರುವವರು ಯಾರು? ತರುವವರ ಅಂಗಡಿಯೇ ಇಲ್ಲ. ಆ ಜಾಗ ಆಮೇಲೆ ವಾಹನ ನಿಲ್ಲಿಸುವ ಬಯಲಾಯಿತು. ಅಕ್ರಾದಲ್ಲಿ ಅದನ್ನು ಇವತ್ತಿಗೂ ರಾಲಿಂಗ್ಸ್ ಪಾರ್ಕ್ ಅಂತಲೇ ಕರೆಯುತ್ತಾರೆ. ಫಾರ್ವರ್ಡ್ ಮಾಡುವವರು ಈ ಫೋಟೊ ಹಾಕಲ್ಲ ನೋಡಿ.

ಚುನಾವಣೆಯಲ್ಲಿ ಗೆದ್ದ ಹಿಲ್ಲಾ ಲಿಮಾನ್‌ಗೆ ಸೆಪ್ಟೆಂಬರ್ 24ಕ್ಕೆ ಅಧಿಕಾರ ಬಿಟ್ಟುಕೊಟ್ಟ. ಸರಿಯಾದ ಕೆಲಸವೇ. ಆದರೆ 1981ರ ಡಿಸೆಂಬರ್ 31ಕ್ಕೆ ಅದೇ ಲಿಮಾನ್‌ನನ್ನು ಬೀಳಿಸಿ ಮತ್ತೆ ಬಂದ. ನೀವು ಕೇಳಿದ "ಒಂದೇ ಒಂದು ವರ್ಷ" ಇಲ್ಲಿ ಶುರುವಾಗುತ್ತದೆ. ಮುಗಿದಿದ್ದು 2001ರ ಜನವರಿ 7ಕ್ಕೆ. ಹತ್ತೊಂಬತ್ತು ವರ್ಷ, ಸ್ವಾಮಿ! ಬಂದೂಕು ಹಿಡಿದು ಬಂದವನಿಗೆ ಕ್ಯಾಲೆಂಡರ್ ತೋರಿಸಿ ಎದ್ದು ಹೋಗು ಅನ್ನುವವರು ಯಾರು?

ಇನ್ನು ಆ ಬೇಗ ಬೇಗ ಕೊಟ್ಟ ನ್ಯಾಯದ ಕಥೆ. 1979ರ ಸೈನಿಕರ ಕೋರ್ಟುಗಳು ಜೈಲಿಗೆ ಹಾಕಿದ್ದ ಜನರಲ್ಲಿ ಕೆಲವರನ್ನು ಆಮೇಲೆ ಹೈಕೋರ್ಟ್ ಬಿಡುಗಡೆ ಮಾಡಿತ್ತು. 1982ರ ಜೂನ್ 30ರ ರಾತ್ರಿ, ಪಾಸ್ ಇಲ್ಲದೆ ಯಾರೂ ರಸ್ತೆಗೆ ಇಳಿಯುವಂತಿಲ್ಲದ ಕರ್ಫ್ಯೂ ಹೊತ್ತಿನಲ್ಲಿ, ಮೂವರು ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಮತ್ತು ಒಬ್ಬ ನಿವೃತ್ತ ಮೇಜರನ್ನು ಮನೆಯಿಂದ ಎತ್ತಿಕೊಂಡು ಹೋದರು. ಸೆಸೀಲಿಯಾ ಕೊರಾಂಟೆಂಗ್-ಅಡೊ, ಸಾರ್ಕೊಡೀ, ಅಗ್ಯೆಪಾಂಗ್, ಮೇಜರ್ ಅಕ್ವಾ. ಹೆಣ ಸಿಕ್ಕಿದ್ದು ಬುಂಡಾಸೆಯ ಸೈನ್ಯದ ರೇಂಜ್‌ನಲ್ಲಿ. ತನಿಖೆ ನಡೆಯಿತು, ರಾಲಿಂಗ್ಸ್‌ನ ಆಡಳಿತ ಮಂಡಳಿಯಲ್ಲೇ ಸದಸ್ಯನಾಗಿದ್ದ ಅಮಾರ್ಟೆ ಕ್ವೇಗೆ ಮರಣದಂಡನೆಯೂ ಆಯಿತು. ಆದರೆ ಆಜ್ಞೆ ಎಲ್ಲಿಂದ ಹೊರಟಿತ್ತು ಅನ್ನುವ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ರಾಲಿಂಗ್ಸ್ ಹೇಳಿಯೇ ಆಯಿತು ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ, ಪುರಾವೆ ಇಲ್ಲದ್ದನ್ನು ನಾನು ಬರೆಯಲ್ಲ. ಅವನ ಕೈಕೆಳಗೇ ಆಯಿತು, ಅದು ಮಾತ್ರ ಸುಳ್ಳಲ್ಲ.

ಸರಿ, ಹಾಗಾದರೆ ಘಾನಾ ಚೇತರಿಸಿಕೊಂಡಿದ್ದು ಹೇಗೆ? ಮೊದಲು ಪಾತಾಳಕ್ಕೆ ಹೋಯಿತು. 1983ರಲ್ಲಿ ಬರ, ಕಾಡ್ಗಿಚ್ಚು, ಅದರ ಮೇಲೆ ನೈಜೀರಿಯಾ ಸುಮಾರು ಹತ್ತು ಲಕ್ಷ ಘಾನಾದವರನ್ನು ಹೊರಗಟ್ಟಿತು. ಅವರೆಲ್ಲ ಚೌಕಳಿ ಬ್ಯಾಗ್ ಹೊತ್ತು ಊರಿಗೆ ಬಂದರೆ ಊರಲ್ಲೇ ಊಟ ಇಲ್ಲ. ಹಸಿದು ಎದ್ದು ಕಾಣುವ ಕತ್ತಿನ ಮೂಳೆಗೆ ಜನ "ರಾಲಿಂಗ್ಸ್ ಸರ" ಅಂತ ಹೆಸರಿಟ್ಟರು. ಆಭರಣ ಅಲ್ಲಮ್ಮಾ, ಕೊರಳ ಮೂಳೆ. ಹಣದುಬ್ಬರ ಆ ವರ್ಷ ನೂರು ಪರ್ಸೆಂಟ್ ದಾಟಿತ್ತು. ಕೋಕೋ ಬೆಳೆದ ರೈತನಿಗೆ ಸರ್ಕಾರ ಕೊಡುತ್ತಿದ್ದ ದರ ಎಷ್ಟು ಕಡಿಮೆ ಅಂದರೆ, ಅವನು ಅದನ್ನು ಕದ್ದು ಟೋಗೊಗೋ ಐವರಿ ಕೋಸ್ಟ್‌ಗೋ ಸಾಗಿಸುತ್ತಿದ್ದ, ಇಲ್ಲವೇ ತೋಟವನ್ನೇ ಬಿಟ್ಟುಬಿಡುತ್ತಿದ್ದ. 1960ರ ದಶಕದ ಮಧ್ಯದಲ್ಲಿ ಐದು ಲಕ್ಷ ಟನ್ ದಾಟಿದ್ದ ಕೋಕೋ 1983-84ಕ್ಕೆ ಒಂದೂವರೆ ಲಕ್ಷ ಟನ್ ಆಸುಪಾಸಿಗೆ ಇಳಿದಿತ್ತು.

ಆಗ, ಐಎಂಎಫ್ (ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ) ಹೆಸರೆತ್ತಿದರೆ ಉರಿದು ಬೀಳುತ್ತಿದ್ದ ಕ್ರಾಂತಿಕಾರಿ ಸರ್ಕಾರ ಅದೇ ಐಎಂಎಫ್ ಬಾಗಿಲಿಗೆ ಹೋಯಿತು. ಹಣಕಾಸು ನೋಡಿಕೊಳ್ಳುತ್ತಿದ್ದವನು ಕ್ವೆಸಿ ಬೋಚ್ವೆ. 1983ರ ಏಪ್ರಿಲ್‌ನಲ್ಲಿ ಆರ್ಥಿಕ ಸುಧಾರಣೆಯ ಕಾರ್ಯಕ್ರಮ ಶುರು. ಆ 2.75 ಅದೇ ಅಕ್ಟೋಬರಿಗೆ 30 ಆಯಿತು, ಮುಂದಿನ ವರ್ಷಗಳಲ್ಲಿ ಇನ್ನೂ ಏರಿತು. ಕೋಕೋ ರೈತನಿಗೆ ದರ ಏರಿಸಿದರು. 1988ರ ಹೊತ್ತಿಗೆ ಡಾಲರ್ ಬದಲಾಯಿಸಲು ಲೈಸೆನ್ಸ್ ಇರುವ ಖಾಸಗಿ ಅಂಗಡಿಗಳೇ ಬಂದವು. ಸರ್ಕಾರಿ ರೇಟಿಗೂ ಬ್ಲ್ಯಾಕ್ ರೇಟಿಗೂ ಇದ್ದ ಕಂದಕ ಮುಚ್ಚುತ್ತಾ ಬಂದ ಹಾಗೆ ಚೀಟಿಗೆ ಬೆಲೆ ಹೋಯಿತು. ಗುಂಡು ಮಾಡದ ಕೆಲಸವನ್ನು ರೇಟ್ ಮಾಡಿತು. 1984ರಿಂದ ವರ್ಷಕ್ಕೆ ಸುಮಾರು 5 ಪರ್ಸೆಂಟ್ ಬೆಳವಣಿಗೆ. ಇದರ ಬಗ್ಗೆ ಯಾರೂ ರೀಲ್ಸ್ ಮಾಡಲ್ಲ, ವಿನಿಮಯ ದರಕ್ಕೆ ಹಿನ್ನೆಲೆ ಸಂಗೀತ ಹಾಕಲು ಆಗಲ್ವಲ್ಲ.

ಅದೂ ಪುಕ್ಕಟೆ ಬರಲಿಲ್ಲ. ಸಾವಿರಾರು ಸರ್ಕಾರಿ ನೌಕರರ ಕೆಲಸ ಹೋಯಿತು. ಆಸ್ಪತ್ರೆಗಳಲ್ಲಿ ಮೊದಲು ದುಡ್ಡು ಕಟ್ಟು, ಆಮೇಲೆ ಚಿಕಿತ್ಸೆ ಅನ್ನುವ ಪದ್ಧತಿ ಬಂತು. ಅಲ್ಲಿ ಅದಕ್ಕೆ "ಕ್ಯಾಶ್ ಆಂಡ್ ಕ್ಯಾರಿ" ಅಂತಿದ್ದರು. 1995ರಲ್ಲಿ 17.5 ಪರ್ಸೆಂಟ್ ವ್ಯಾಟ್ ಹಾಕಿದಾಗ ಅಕ್ರಾದ ಬೀದಿಗಳು ತುಂಬಿಹೋದವು, ಪ್ರತಿಭಟನೆಯಲ್ಲಿ ಜನ ಸತ್ತರು, ತೆರಿಗೆಯನ್ನು ವಾಪಸ್ ತಗೊಂಡರು. ಗಮನಿಸಿ, 1979ರ ಸೈನಿಕರ ಮುಂದೆ ಬಾಯಿ ಬಿಡಲು ಆಗದಿದ್ದ ಊರು ಅದು.

ಹಾಗಾಗಿ ದಯವಿಟ್ಟು "ಒಂದು ವರ್ಷ" ಅಂತ ನನಗೆ ಇನ್ನೊಮ್ಮೆ ಬರೆಯಬೇಡಿ. ಓದುವುದೂ ಇಲ್ಲ.

1992ರ ಚುನಾವಣೆಯಲ್ಲಿ ಮೋಸ ಮಾಡಿ ಗೆದ್ದನಾ?

ನವೆಂಬರ್ 3ರ ಅಧ್ಯಕ್ಷ ಚುನಾವಣೆಯಲ್ಲಿ ರಾಲಿಂಗ್ಸ್‌ಗೆ 58 ಪರ್ಸೆಂಟ್ ಚಿಲ್ಲರೆ, ಇತಿಹಾಸದ ಪ್ರೊಫೆಸರ್ ಅಡು ಬೋಅಹೆನ್‌ಗೆ 30ರ ಸುಮಾರು. ವಿರೋಧ ಪಕ್ಷಗಳು ಮೋಸ ಅಂದವು, ಡಿಸೆಂಬರಿನ ಸಂಸತ್ ಚುನಾವಣೆಯನ್ನೇ ಬಹಿಷ್ಕರಿಸಿದವು. ಮತದಾರರ ಪಟ್ಟಿ ಕೆಟ್ಟದಾಗಿತ್ತು, ಸರ್ಕಾರದ ಗಾಡಿ, ರೇಡಿಯೊ ಎಲ್ಲ ಒಂದೇ ಕಡೆ ಇದ್ದವು. ಇಷ್ಟೆಲ್ಲ ಇದ್ದರೂ ಹಳ್ಳಿಗಳಲ್ಲಿ ಅವನಿಗೆ ನಿಜವಾಗಿ ಮತ ಇತ್ತು ಅನ್ನುವುದು ನನ್ನ ಅಂದಾಜು. ಕರೆಂಟ್, ರಸ್ತೆ ಕಂಡ ಊರುಗಳಿದ್ದವು. 1996ರಲ್ಲಿ ಎಲ್ಲರೂ ಸ್ಪರ್ಧಿಸಿದಾಗಲೂ ವಿರೋಧ ಪಕ್ಷದ ಕುಫೂರ್ ವಿರುದ್ಧ 57 ಪರ್ಸೆಂಟ್ ತಗೊಂಡ. 2000ದಲ್ಲಿ ಎರಡು ಅವಧಿಯ ಮಿತಿ ಬಂತು, ನಿಲ್ಲಲಿಲ್ಲ. ಅವನ ಪಕ್ಷದ ಅಟಾ ಮಿಲ್ಸ್ ಸೋತರು, ಕುಫೂರ್‌ಗೆ ಕುರ್ಚಿ ಬಿಟ್ಟುಕೊಟ್ಟು ಹೋದ. ಅವನ ಜೀವನದಲ್ಲಿ ಫಾರ್ವರ್ಡ್ ಮಾಡಲೇಬೇಕು ಅನ್ನುವ ಫೋಟೊ ಇದ್ದರೆ ಆ ದಿನದ್ದು.

ಘಾನಾದಿಂದ ಕಡಿಮೆ ರೇಟಿಗೆ ಚಿನ್ನ ಕೊಡುತ್ತೇವೆ ಅಂತ ಒಬ್ಬರು ಸಂಪರ್ಕಿಸಿದ್ದಾರೆ. ನಂಬಬಹುದಾ?

ಇದು ಆ ಕಾಲಂ ಅಲ್ಲ. ಒಂದು ರೂಪಾಯಿಯೂ ಕಳಿಸಬೇಡಿ.

ಬುರ್ಕಿನಾ ಫಾಸೊದ ಇಬ್ರಾಹಿಂ ಟ್ರಾವೊರೆ ಹೊಸ ರಾಲಿಂಗ್ಸ್ ಅಲ್ವಾ? ಅವನ ಭಾಷಣ ಕೇಳಿ ಮೈ ಜುಮ್ಮೆಂದಿತು.

ನೀವು ಕಳಿಸಿದ ಭಾಷಣದ ವಿಡಿಯೊ ಕಂಪ್ಯೂಟರಿನಲ್ಲಿ ಮಾಡಿದ್ದು. ತುಟಿಗೂ ಮಾತಿಗೂ ತಾಳೆ ಇಲ್ಲ, ಹಿಂದೆ ನಿಂತವರು ಕಣ್ಣೇ ಮಿಟುಕಿಸಲ್ಲ. ಟ್ರಾವೊರೆ 2022ರ ಸೆಪ್ಟೆಂಬರ್ 30ಕ್ಕೆ ದಂಗೆ ಎಬ್ಬಿಸಿ ಅಧಿಕಾರಕ್ಕೆ ಬಂದ, ಬೇಗ ಚುನಾವಣೆ ಅಂದರು, 2024ರಲ್ಲಿ ಇನ್ನೂ ಐದು ವರ್ಷ ಮುಂದೂಡಿಕೊಂಡರು. ಇಂಥ ವಿಡಿಯೊ ಮಾಡಿ ದುಡ್ಡು ಎಣಿಸುವ ಚಾನೆಲ್‌ನವರಿಗೆ ಬುರ್ಕಿನಾ ಫಾಸೊ ಮ್ಯಾಪಿನಲ್ಲಿ ತೋರಿಸಲು ಬರುತ್ತದಾ ಅಂತ ನನಗೆ ಅನುಮಾನ. ಅಂಥವರನ್ನು ಅನ್‌ಸಬ್‌ಸ್ಕ್ರೈಬ್ ಮಾಡಿ ಮೊದಲು.

ಕೊನೆಗೂ ರಾಲಿಂಗ್ಸ್ ಕೈ ಶುದ್ಧ ಇತ್ತಾ?

ಬಹಳ ವರ್ಷ ಹಾಗೇ ನಂಬಿದ್ದರು. ನೈಜೀರಿಯಾದ ಸರ್ವಾಧಿಕಾರಿ ಸಾನಿ ಅಬಾಚಾ ಅವನಿಗೆ ದುಡ್ಡು ಕೊಟ್ಟಿದ್ದ ಅನ್ನುವ ಮಾತು ಬಹಳ ದಿನದಿಂದ ಓಡಾಡುತ್ತಿತ್ತು. 2016ರಲ್ಲಿ ರಾಲಿಂಗ್ಸ್ ತಾನೇ ಒಪ್ಪಿಕೊಂಡ: ಹೌದು, ಒಂದು ಸೂಟ್‌ಕೇಸ್ ಬಂದಿತ್ತು, ಅದರಲ್ಲಿ 20 ಲಕ್ಷ ಡಾಲರ್ ಇತ್ತು, ಜನ ಹೇಳುವಂತೆ 50 ಲಕ್ಷ ಅಲ್ಲ.