ಕ್ಯಾಬಿನೆಟ್ ಮುಂಭಾಗದ ವೈರ್‌ಗಳು: ಇಲ್ಲದ ಪಿನ್ ಎಲ್ಲಿದೆ ಅಂತ ಮೊದಲು ನೋಡಿ

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಕಂಪ್ಯೂಟರ್ ಜೋಡಿಸಲು ಚಿಕ್ಕ ಕ್ಯಾಬಿನೆಟ್, ಯಾರೋ ಬಳಸಿದ್ದ ಮೈಕ್ರೋ ಎಟಿಎಕ್ಸ್ ಅಳತೆಯ ಮದರ್‌ಬೋರ್ಡ್, ಜೊತೆಗೆ ಕೈಪಿಡಿ ಇಲ್ಲ. ಮುಂಭಾಗದಿಂದ ಬರುವ ಸಣ್ಣ ವೈರ್‌ಗಳು ಎಲ್ಲಿಗೆ ಹೋಗಬೇಕು ಗೊತ್ತಾಗುತ್ತಿಲ್ಲ. ಪವರ್ ಎಲ್‌ಇಡಿ ಪ್ಲಗ್ಗಿಗೆ ಮೂರು ತೂತು, ಬೋರ್ಡಿನಲ್ಲಿ ಎರಡೇ ಪಿನ್. ನೀಲಿ ಬಣ್ಣದ ದಪ್ಪ ಯುಎಸ್‌ಬಿ ಪ್ಲಗ್ಗಿಗೆ ಬೋರ್ಡಿನಲ್ಲಿ ಜಾಗವೇ ಇಲ್ಲ. ಆಡಿಯೋ ವೈರಿನ ತುದಿಯಲ್ಲಿ ಎರಡು ಪ್ಲಗ್. ಇಷ್ಟು ತಾನೆ? ಒಂದೊಂದಾಗಿ ಹೇಳುತ್ತೇನೆ. ಉದ್ದ ಆಗುತ್ತದೆ, ಆದರೆ ಬೋರ್ಡ್ ಮುಂದಿಟ್ಟುಕೊಂಡು ನಿಧಾನವಾಗಿ ಓದಿದರೆ ಕೆಲಸ ಮುಗಿಯುತ್ತದೆ.

ಶುರು ಮಾಡುವ ಮೊದಲು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಸ್ವಿಚ್ ಆಫ್ ಮಾಡಿ, ಹಿಂದಿನ ಕೇಬಲ್ ಕಿತ್ತಿಡಿ. ಕಂಪ್ಯೂಟರ್ ಆಫ್ ಆಗಿದ್ದರೂ ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಬರುತ್ತಲೇ ಇರುತ್ತದೆ. ಪವರ್ ಬಟನ್ ಕೆಲಸ ಮಾಡುವುದೇ ಅದರಿಂದ. ಬೋರ್ಡಿನ ಮೇಲೆ ಪುಟ್ಟ ದೀಪ ಇದ್ದರೆ ಅದು ಆರುವ ತನಕ ಕಾಯಿರಿ. ಆಮೇಲೆ ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ ಕೆಲಸಕ್ಕೆ ಕೈ ಹಾಕಿ.

ಈಗ ಮುಖ್ಯ ವಿಷಯ. ಇದೊಂದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಬೋರ್ಡಿನ ಅಂಚಿನಲ್ಲಿ ಎರಡು ಸಾಲಿನ, ಸಾಲಿಗೆ ಐದರಂತೆ ಹತ್ತು ಪಿನ್ ಕೂರುವ ಹೆಡರ್‌ಗಳು ಕಾಣುತ್ತವೆ. ಮೇಲ್ನೋಟಕ್ಕೆ ಎಲ್ಲವೂ ಒಂದೇ ಥರ. ಆದರೆ ಪ್ರತಿಯೊಂದರಲ್ಲೂ ಒಂದು ಪಿನ್ ಇರುವುದಿಲ್ಲ. ಅದು ಮುರಿದು ಹೋಗಿದ್ದಲ್ಲ, ಬೇಕೆಂದೇ ಬಿಟ್ಟಿದ್ದು. ಮುಂಭಾಗದ ಬಟನ್, ದೀಪಗಳ ವೈರ್ ಹೋಗುವ ಪ್ಯಾನಲ್ ಹೆಡರಿನಲ್ಲಿ 10ನೇ ಪಿನ್ ಇಲ್ಲ. ಯುಎಸ್‌ಬಿ 2.0 ಹೆಡರಿನಲ್ಲಿ 9ನೇ ಪಿನ್ ಇಲ್ಲ. ಆಡಿಯೋ ಹೆಡರಿನಲ್ಲಿ 8ನೇ ಪಿನ್ ಇಲ್ಲ. ಹತ್ತು, ಒಂಬತ್ತು, ಎಂಟು. ನಾನು ಇದನ್ನು ಹೀಗೇ ನೆನಪಿಟ್ಟುಕೊಂಡಿದ್ದೇನೆ. ಯುಎಸ್‌ಬಿ ಮತ್ತು ಆಡಿಯೋ ಪ್ಲಗ್ಗಿನಲ್ಲಿ ಅದೇ ಜಾಗದ ತೂತು ಮುಚ್ಚಿರುತ್ತದೆ. ಮುಚ್ಚಿದ ತೂತು, ಖಾಲಿ ಜಾಗ ಎದುರುಬದುರು ಬಂದರೆ ಮಾತ್ರ ಪ್ಲಗ್ ಕೂರುತ್ತದೆ. ಕೂರದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ.

ಪಿನ್ ಎಣಿಸುವುದು ಸಾಲಾಗಿ ಅಲ್ಲ, ಎದುರೆದುರು. 1ರ ಎದುರಿಗೆ 2, 3ರ ಎದುರಿಗೆ 4, ಹೀಗೆ. ಅಂದರೆ ಒಂದು ಸಾಲಿನಲ್ಲಿ ಬೆಸ, ಇನ್ನೊಂದರಲ್ಲಿ ಸಮ. 1ನೇ ಪಿನ್ ಹತ್ತಿರ ದಪ್ಪ ಬಿಳಿ ಗೆರೆಯೋ, ಸಣ್ಣ ತ್ರಿಕೋನವೋ, 1 ಅನ್ನುವ ಅಂಕಿಯೋ ಇರುತ್ತದೆ. ಅದೂ ಅಳಿಸಿದ್ದರೆ ಬೋರ್ಡ್ ಹಿಂಬದಿ ನೋಡಿ. ತುಂಬಾ ಬೋರ್ಡ್‌ಗಳಲ್ಲಿ 1ನೇ ಪಿನ್ನಿನ ಬೆಸುಗೆ ಚೌಕವಾಗಿರುತ್ತದೆ, ಉಳಿದವು ದುಂಡಗೆ. ಬೋರ್ಡ್ ಒಳಗೆ ಕೂರಿಸುವ ಮೊದಲೇ ಇದನ್ನು ನೋಡಿ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಪ್ಯಾನಲ್ ಹೆಡರ್‌ಗೆ ಬರೋಣ. ಸಾಮಾನ್ಯವಾಗಿ ಬೋರ್ಡಿನ ಕೆಳಗಿನ ಬಲ ಮೂಲೆಯಲ್ಲಿ ಇರುತ್ತದೆ. ಗಿಗಾಬೈಟ್ ಬೋರ್ಡಿನಲ್ಲಿ ಎಫ್ ಪ್ಯಾನಲ್, ಎಂಎಸ್‌ಐನಲ್ಲಿ ಜೆಎಫ್‌ಪಿ1, ಎಎಸ್‌ರಾಕ್‌ನಲ್ಲಿ ಪ್ಯಾನಲ್1 ಅಂತ ಬರೆದಿರುತ್ತಾರೆ. ಹೆಸರು ಬೇರೆಯಾದರೂ 9 ಪಿನ್ನಿನ ಹೆಡರ್ ಆದರೆ ಜೋಡಣೆ ಒಂದೇ. 1ನೇ ಪಿನ್ ನಿಮಗೆ ಕೆಳಗಿನ ಎಡಕ್ಕೆ, ಇಲ್ಲದ ಪಿನ್ ಮೇಲಿನ ಬಲಕ್ಕೆ ಬರುವ ಹಾಗೆ ನೋಡಿ. ಆಗ ಮೇಲಿನ ಸಾಲು ಪೂರ್ತಿ ಪವರ್‌ನದು. ಎಡದ ಎರಡು ಪವರ್ ಎಲ್‌ಇಡಿ, ಮೊದಲನೆಯದು ಪ್ಲಸ್. ಅದರ ಪಕ್ಕದ ಎರಡು ಪವರ್ ಸ್ವಿಚ್. ಕೆಳಗಿನ ಸಾಲಿನಲ್ಲಿ ಎಡದ ಎರಡು ಹಾರ್ಡ್‌ಡಿಸ್ಕ್ ಎಲ್‌ಇಡಿ, ಅಲ್ಲೂ ಮೊದಲನೆಯದೇ ಪ್ಲಸ್. ಪಕ್ಕದ ಎರಡು ರೀಸೆಟ್. ಕೊನೆಗೆ ಒಂಟಿಯಾಗಿ ನಿಂತ 9ನೇ ಪಿನ್ನಿಗೆ ಏನೂ ಹಾಕುವುದು ಬೇಡ.

ನಿಮ್ಮ ಹೆಡರಿನಲ್ಲಿ ಇದಕ್ಕಿಂತ ಜಾಸ್ತಿ ಪಿನ್ ಇದ್ದರೆ ಮೇಲಿನದು ಹೊಂದುತ್ತದೆ ಅಂದುಕೊಳ್ಳಬೇಡಿ. ಕೆಲವು ಬೋರ್ಡ್‌ಗಳಲ್ಲಿ ಸ್ಪೀಕರ್ ಸೇರಿಸಿ 20 ಪಿನ್ ತನಕ ಇರುತ್ತದೆ, ಜಾಗಗಳು ಬದಲಾಗುತ್ತವೆ. ಕಂಪನಿಗಳು ಪೂರ್ತಿ ಜೋಡಿಸಿ ಆಫೀಸುಗಳಿಗೆ ಮಾರುವ ಕಂಪ್ಯೂಟರಿನಿಂದ ಬಿಚ್ಚಿದ ಬೋರ್ಡ್ ಆದರೂ ಅಷ್ಟೆ, ಅವುಗಳ ಪ್ಯಾನಲ್ ಜೋಡಣೆ ಎಷ್ಟೋ ಸಲ ಬೇರೆಯೇ. ಬೋರ್ಡಿನ ಮೇಲೆ ಮಾದರಿ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಆ ಹೆಸರು ಹಾಕಿ ಹುಡುಕಿದರೆ ತಯಾರಕರ ಜಾಲತಾಣದಲ್ಲಿ ಕೈಪಿಡಿ ಉಚಿತವಾಗಿ ಸಿಗುತ್ತದೆ. ಐದು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಹೆದರಿಕೆ ಕಡಿಮೆಯಾಗಲಿ ಅಂತ ಒಂದು ಮಾತು. ಪವರ್ ಸ್ವಿಚ್, ರೀಸೆಟ್ ಸ್ವಿಚ್ ಎರಡಕ್ಕೂ ಪ್ಲಸ್ ಮೈನಸ್ ಇಲ್ಲ. ಬಟನ್ ಒತ್ತಿದಾಗ ಎರಡು ಪಿನ್ ಒಂದಕ್ಕೊಂದು ತಾಗುತ್ತವೆ, ಅಷ್ಟೇ. ಹೇಗೆ ಹಾಕಿದರೂ ನಡೆಯುತ್ತದೆ. ಎಲ್‌ಇಡಿಗೆ ಮಾತ್ರ ದಿಕ್ಕು ಇದೆ. ತಿರುವು ಮುರುವಾದರೆ ಏನೂ ಸುಡುವುದಿಲ್ಲ, ದೀಪ ಹತ್ತುವುದಿಲ್ಲ. ಪ್ಲಗ್ ತಿರುಗಿಸಿ ಹಾಕಿದರೆ ಆಯಿತು. ಸಾಮಾನ್ಯವಾಗಿ ಬಣ್ಣದ ವೈರ್ ಪ್ಲಸ್, ಬಿಳಿ ಅಥವಾ ಕಪ್ಪು ಮೈನಸ್. ಇನ್ನೊಂದು, ಹಾರ್ಡ್‌ಡಿಸ್ಕ್ ಬದಲು ಎನ್‌ವಿಎಂಇ ಎಸ್‌ಎಸ್‌ಡಿ (ಬೋರ್ಡಿಗೇ ನೇರ ಕೂರುವ ವೇಗದ ಡಿಸ್ಕ್) ಹಾಕಿದ್ದರೆ ಕೆಲವು ಬೋರ್ಡ್‌ಗಳಲ್ಲಿ ಹಾರ್ಡ್‌ಡಿಸ್ಕ್ ದೀಪ ಮಿನುಗುವುದೇ ಇಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೂರು ತೂತಿನ ಪವರ್ ಎಲ್‌ಇಡಿ ಪ್ಲಗ್ ಸರಿಪಡಿಸುವುದು ಸುಲಭ. ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ನಡುವಿನ ತೂತು ಖಾಲಿ, ಆಚೀಚೆ ಎರಡರಲ್ಲಿ ಮಾತ್ರ ವೈರ್ ಇದೆ. ಪ್ಲಗ್ಗಿನ ಒಂದು ಬದಿಯಲ್ಲಿ ಸಣ್ಣ ಕಿಟಕಿಗಳಿವೆ, ಅದರೊಳಗೆ ಲೋಹ ಹೊಳೆಯುತ್ತದೆ. ಆ ಕಿಟಕಿಯ ಪ್ಲಾಸ್ಟಿಕ್ ನಾಲಿಗೆಯನ್ನು ಹೊಲಿಗೆ ಸೂಜಿಯ ತುದಿಯಿಂದ ಕೂದಲೆಳೆಯಷ್ಟು ಎತ್ತಿ. ಇನ್ನೊಂದು ಕೈಯಲ್ಲಿ ಮೈನಸ್ ವೈರನ್ನು ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಲೋಹದ ಪುಟ್ಟ ಕೊಳವೆ ವೈರಿನ ಜೊತೆ ಜಾರಿ ಬರುತ್ತದೆ. ಅದನ್ನು ಮೊದಲು ಇದ್ದ ಮಗ್ಗುಲಲ್ಲೇ ಹಿಡಿದು ನಡುವಿನ ತೂತಿಗೆ ತಳ್ಳಿ. ಟಿಕ್ ಅಂತ ಸಣ್ಣ ಸದ್ದಾಗುತ್ತದೆ. ಎಳೆದು ನೋಡಿ, ಬರಬಾರದು. ಖಾಲಿ ಉಳಿದ ಕೊನೆಯ ತೂತು ಪಕ್ಕದ ಸ್ವಿಚ್ ಪಿನ್ನಿಗೆ ಅಡ್ಡ ಬರುತ್ತದೆ, ಅದನ್ನು ಬ್ಲೇಡಿನಿಂದ ಕತ್ತರಿಸಿ. ನಾಲಿಗೆ ಮುರಿಯುವ ಭಯ ಇದ್ದರೆ ಮೂರು ಪಿನ್‌ನಿಂದ ಎರಡಕ್ಕೆ ಬದಲಿಸುವ ಗಿಡ್ಡ ವೈರ್ ಸಿಗುತ್ತದೆ, ಅದೂ ಆಗುತ್ತದೆ.

ಇಲ್ಲಿ ಒಂದು ಘಟನೆ ಹೇಳಲೇಬೇಕು. ನನ್ನ ಅಕ್ಕನ ಮಗಳಿಗೆ ಓದಿಗೆ ಅಂತ ಇಂಥದ್ದೇ ಚಿಕ್ಕ ಕಂಪ್ಯೂಟರ್ ಜೋಡಿಸಿದ್ದೆ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ನಾಲ್ಕು ಸೆಕೆಂಡಿಗೆ ನಿಲ್ಲುತ್ತಿತ್ತು. ರ‍್ಯಾಮ್ ಬದಲಿಸಿದೆ. ಎಸ್‌ಎಂಪಿಎಸ್ ಬದಲಿಸಿದೆ. ಪ್ರೊಸೆಸರ್ ಬಿಚ್ಚಿ ಮತ್ತೆ ಕೂರಿಸಿದೆ. ಎರಡು ಸಂಜೆ ಹೋಯಿತು. ಮೂರನೇ ದಿನ ಪವರ್ ಬಟನ್ ಮೇಲೆ ಬೆರಳಿಟ್ಟಾಗ ಅದು ಒಂದು ಬದಿಗೆ ವಾಲಿ ಒಳಗೇ ಸಿಕ್ಕಿಕೊಂಡಿದ್ದು ಗೊತ್ತಾಯಿತು. ಬಟನ್ ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಕಂಪ್ಯೂಟರ್ ಆಫ್ ಆಗುತ್ತದೆ ಅಲ್ವಾ, ಅದೇ ಆಗುತ್ತಿತ್ತು. ಅಂದಿನಿಂದ ನಾನು ಮೊದಲ ಸಲ ಆನ್ ಮಾಡುವಾಗ ಕ್ಯಾಬಿನೆಟ್ ಬಟನ್ ನಂಬುವುದಿಲ್ಲ. ಪ್ಯಾನಲ್ ವೈರ್ ಹಾಕುವ ಮೊದಲೇ, ಪವರ್ ಸ್ವಿಚ್ಚಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ ತೆಗೆಯುತ್ತೇನೆ. ಹಾಗೆ ಆನ್ ಆಗಿ ನಿಂತರೆ ಬೋರ್ಡ್, ಎಸ್‌ಎಂಪಿಎಸ್ ಸರಿ ಇವೆ. ಬಟನ್ನಿನಿಂದ ಆಗದಿದ್ದರೆ ತಪ್ಪು ಬಟನ್ನಿನದು ಅಥವಾ ವೈರಿನದು. ಬಟನ್ ಕೆಟ್ಟಿದ್ದರೆ ರೀಸೆಟ್ ಪ್ಲಗ್ಗನ್ನು ಪವರ್ ಸ್ವಿಚ್ ಪಿನ್ನಿಗೆ ಹಾಕಿ, ರೀಸೆಟ್ ಬಟನ್ನಿನಿಂದಲೇ ಆನ್ ಮಾಡಬಹುದು. ಆ ಹುಡುಗಿಯ ಕಂಪ್ಯೂಟರ್ ಇವತ್ತಿಗೂ ಹಾಗೇ ನಡೆಯುತ್ತಿದೆ.

ಇನ್ನು ಯುಎಸ್‌ಬಿ. ನಿಜವಾಗಿ ಹುಷಾರಾಗಿರಬೇಕಾದ್ದು ಇಲ್ಲೇ, ಏಕೆಂದರೆ ಇಲ್ಲಿ 5 ವೋಲ್ಟ್ ಇರುತ್ತದೆ. ಒಂದು 9 ಪಿನ್ ಹೆಡರಿನಲ್ಲಿ ಎರಡು ಪೋರ್ಟ್. ಒಂದೇ ಪ್ಲಗ್ಗಾಗಿ ಬಂದಿದ್ದರೆ ಯೋಚನೆ ಇಲ್ಲ. ಹಳೇ ಕ್ಯಾಬಿನೆಟ್‌ಗಳಲ್ಲಿ ಮಾತ್ರ ನಾಲ್ಕು ವೈರ್ ಬಿಡಿ ಬಿಡಿಯಾಗಿ ಬರುತ್ತವೆ. ಸಾಮಾನ್ಯವಾಗಿ ಕೆಂಪು 5 ವೋಲ್ಟ್, ಬಿಳಿ ಡೇಟಾ ಮೈನಸ್, ಹಸಿರು ಡೇಟಾ ಪ್ಲಸ್, ಕಪ್ಪು ಗ್ರೌಂಡ್. 1ನೇ ಪಿನ್ ಕಡೆಯಿಂದ ಇದೇ ಕ್ರಮದಲ್ಲಿ ಹಾಕಬೇಕು. ಕೆಂಪು, ಕಪ್ಪು ಅದಲು ಬದಲಾದರೆ ಚುಚ್ಚಿದ ಪೆನ್‌ಡ್ರೈವ್ ಹೋಯಿತು ಅಂತಲೇ ಲೆಕ್ಕ. ಮಲ್ಟಿಮೀಟರ್ ಇದ್ದರೆ ಮೊದಲು ವೋಲ್ಟೇಜ್ ನೋಡಿ. ಇಲ್ಲದಿದ್ದರೆ ಹಳೇ ಮೌಸ್ ಚುಚ್ಚಿ ಪರೀಕ್ಷಿಸಿ. ಫೋಟೋ ತುಂಬಿದ ಪೆನ್‌ಡ್ರೈವ್‌ನಲ್ಲಿ ಪ್ರಯೋಗ ಬೇಡ.

ನಿಮ್ಮದು ಬಳಸಿದ ಬೋರ್ಡ್ ಆದ್ದರಿಂದ ಇನ್ನೊಂದು ಎಚ್ಚರಿಕೆ. ಕೆಲವು ಹಳೇ ಬೋರ್ಡ್‌ಗಳಲ್ಲಿ ಫೈರ್‌ವೈರ್ ಅನ್ನುವ, ಯುಎಸ್‌ಬಿಯಂಥದ್ದೇ ಬೇರೊಂದು ಬಗೆಯ ಪೋರ್ಟಿನ ಹೆಡರ್ ಇರುತ್ತದೆ. ಅದೂ 9 ಪಿನ್, ಅದರಲ್ಲೂ ಇಲ್ಲದ್ದು 9ನೇ ಪಿನ್ನೇ. ಯುಎಸ್‌ಬಿ ಪ್ಲಗ್ ಅದರಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಅಲ್ಲಿ ಬರುವುದು 12 ವೋಲ್ಟ್. ಹೆಡರ್ ಪಕ್ಕದಲ್ಲಿ 1394 ಅಂತ ಇದ್ದರೆ ಅದರ ತಂಟೆಗೆ ಹೋಗಬೇಡಿ. ಇಲ್ಲದ ಪಿನ್ ನೋಡಿದರೆ ಸಾಕು ಅನ್ನುವ ನನ್ನ ಮಾತು ಸೋಲುವ ಜಾಗ ಇದು. ಇಲ್ಲಿ ಅಚ್ಚಾದ ಅಕ್ಷರವನ್ನೂ ಓದಲೇಬೇಕು.

ನೀಲಿ ಪ್ಲಗ್ ಯುಎಸ್‌ಬಿ 3.0ದು, 19 ಪಿನ್. ನಿಮ್ಮ ಬೋರ್ಡಿನಲ್ಲಿ ಅದಕ್ಕೆ ಹೆಡರ್ ಇಲ್ಲ ಅಂದಿದ್ದೀರಿ. 19 ಪಿನ್ನಿನಿಂದ 9 ಪಿನ್ನಿಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ, ಅದು ಸಾಕು. ವೇಗ ಸೆಕೆಂಡಿಗೆ 5 ಗಿಗಾಬಿಟ್ ಬದಲು 480 ಮೆಗಾಬಿಟ್ ಆಗುತ್ತದೆ. ಕೀಬೋರ್ಡ್, ಮೌಸ್, ಸಣ್ಣ ಪುಟ್ಟ ಪೆನ್‌ಡ್ರೈವ್ ಕೆಲಸಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ದೊಡ್ಡ ವಿಡಿಯೋಗಳನ್ನು ಹೊರಗಿನ ಡಿಸ್ಕಿಗೆ ಹಾಕುವುದಿದ್ದರೆ ಬೋರ್ಡಿನ ಹಿಂಭಾಗದಲ್ಲಿ ನೀಲಿ ಪೋರ್ಟ್ ಇದೆಯಾ ನೋಡಿ, ಅಲ್ಲಿಗೇ ಚುಚ್ಚಿ. ಮುಂಭಾಗಕ್ಕೇ ಪೂರ್ತಿ ವೇಗ ಬೇಕು ಅಂದರೆ 19 ಪಿನ್ ಹೆಡರ್ ಇರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ (ಬೋರ್ಡಿನ ಸ್ಲಾಟಿನಲ್ಲಿ ಕೂರುವ ಹೆಚ್ಚುವರಿ ಕಾರ್ಡ್) ಹಾಕಬೇಕು. ಈ ಕಂಪ್ಯೂಟರಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ. ಆ ಹಣಕ್ಕೆ ಸ್ವಲ್ಪ ಸೇರಿಸಿ ರ‍್ಯಾಮ್ ಹಾಕಿಸಿಕೊಳ್ಳಿ.

ಮುಂದೆ ಎಂದಾದರೂ ಈ ನೀಲಿ ಪ್ಲಗ್ಗನ್ನು ನೇರವಾಗಿ ಬೋರ್ಡಿಗೆ ಹಾಕುವ ಸಂದರ್ಭ ಬಂದರೆ ನಿಧಾನ ಮಾಡಿ. ಕೇಬಲ್ ದಪ್ಪ, ಬಾಗುವುದಿಲ್ಲ. ಪಿನ್‌ಗಳು ತೆಳು. ಸ್ವಲ್ಪ ಓರೆಯಾದರೂ ಪಿನ್ ಮಲಗುತ್ತದೆ. ಮಲಗಿದ ಪಿನ್ ಎತ್ತಲು ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಅದರ ಲೋಹದ ಮೂತಿಯನ್ನು ಪಿನ್ ಮೇಲೆ ತೊಡಿಸಿ, ಒಂದೇ ಸಲ, ಮೆಲ್ಲಗೆ ನೆಟ್ಟಗೆ ಮಾಡಿ. ಎರಡು ಮೂರು ಸಲ ಆಚೀಚೆ ಬಗ್ಗಿಸಿದರೆ ಮುರಿಯುತ್ತದೆ. ತೆಗೆಯುವಾಗ ಕೇಬಲ್ ಹಿಡಿದು ಎಳೆಯಬೇಡಿ. ಹೆಡರಿನ ಪ್ಲಾಸ್ಟಿಕ್ ಕವಚ ಪ್ಲಗ್ಗಿನ ಜೊತೆಗೇ ಕಿತ್ತು ಬರುತ್ತದೆ. ಒಂದು ಕೈಯ ಉಗುರಿನಿಂದ ಕವಚವನ್ನು ಕೆಳಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಪ್ಲಗ್ಗನ್ನೇ ಹಿಡಿದು ನೇರಕ್ಕೆ ಎತ್ತಿ.

ಆಡಿಯೋದಲ್ಲಿ ಎರಡು ಪ್ಲಗ್ ಇದ್ದರೆ ಎಚ್‌ಡಿ ಆಡಿಯೋ ಅಂತ ಬರೆದಿದ್ದನ್ನು ಮಾತ್ರ ಹಾಕಿ. ಇನ್ನೊಂದರ ಮೇಲಿರುವ ಎಸಿ97 ಹಳೇ ಕಾಲದ ಆಡಿಯೋ ಪದ್ಧತಿ. 2004ರಲ್ಲಿ ಇಂಟೆಲ್ ಎಚ್‌ಡಿ ಆಡಿಯೋ ತಂದ ಮೇಲೆ ಅದಕ್ಕೆ ಕೆಲಸ ಇಲ್ಲ. ಉಳಿದ ಪ್ಲಗ್ಗಿಗೆ ಇನ್ಸುಲೇಶನ್ ಟೇಪ್ ಸುತ್ತಿ ಮಡಚಿಡಿ. ಎರಡಕ್ಕೂ ಒಂದೇ ಆಕಾರ, ಆದ್ದರಿಂದ ತಪ್ಪಾಗಿ ಎಸಿ97 ಕೂಡ ಕೂರುತ್ತದೆ. ಆಗ ಹೆಡ್‌ಫೋನ್ ಚುಚ್ಚಿದ್ದು ಬೋರ್ಡಿಗೆ ತಿಳಿಯುವುದಿಲ್ಲ. ಎಚ್‌ಡಿ ಹಾಕಿದರೂ ಸದ್ದಿಲ್ಲದಿದ್ದರೆ ಬಯೋಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ಸ್ ಪರದೆ) ಫ್ರಂಟ್ ಪ್ಯಾನಲ್ ಬಗೆ ಎಚ್‌ಡಿ ಅಂತ ಇದೆಯಾ ನೋಡಿ. ಈ ಹೆಡರ್ ಹೆಚ್ಚಾಗಿ ಬೋರ್ಡಿನ ಕೆಳಗಿನ ಎಡ ಮೂಲೆಯಲ್ಲಿರುತ್ತದೆ, ಕ್ಯಾಬಿನೆಟ್ ಮುಂಭಾಗದಿಂದ ದೂರ. ವೈರ್ ಸಾಲದಿದ್ದರೆ ಬೋರ್ಡ್ ಕೂರುವ ತಗಡಿನ ಹಿಂದಿನಿಂದ ತನ್ನಿ. ಎಸ್‌ಎಂಪಿಎಸ್ ವೈರ್‌ಗಳ ಜೊತೆ ಕಟ್ಟಬೇಡಿ, ಹೆಡ್‌ಫೋನಿನಲ್ಲಿ ಗುಂಯ್ ಅನ್ನುವ ಸದ್ದು ಬರಬಹುದು.

ಕೆಲಸದ ಕ್ರಮವೂ ಮುಖ್ಯ. ಚಿಕ್ಕ ಕ್ಯಾಬಿನೆಟ್ಟಿನಲ್ಲಿ ಬೋರ್ಡ್ ಕೂರಿಸಿದ ತಕ್ಷಣ ಈ ಸಣ್ಣ ವೈರ್‌ಗಳನ್ನು ಹಾಕಿಬಿಡಿ. ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವ 24 ಪಿನ್ನಿನ ದಪ್ಪ ಕೇಬಲ್ ಆಮೇಲೆ. ಅವು ಮೊದಲು ಕೂತರೆ ಕೆಳಗಿನ ಮೂಲೆಗೆ ಬೆರಳು ಹೋಗುವುದಿಲ್ಲ. ಚಿಮಟ ಇದ್ದರೆ ಕೈಗೆ ಸಿಗುವ ಹಾಗಿಟ್ಟುಕೊಳ್ಳಿ, ಟಾರ್ಚ್ ಹಿಡಿಯಲು ಮನೆಯಲ್ಲಿ ಯಾರನ್ನಾದರೂ ಕರೆಯಿರಿ. ಬಾಗಿಲು ಮುಚ್ಚುವ ಮೊದಲು ಆನ್ ಮಾಡಿ, ಮುಂದಿನ ಎರಡೂ ಯುಎಸ್‌ಬಿಗೆ ಮೌಸ್ ಚುಚ್ಚಿ, ಹೆಡ್‌ಫೋನ್ ಹಾಕಿ ಎಡ ಬಲ ಎರಡೂ ಕೇಳಿ.

ಈಗ ನನಗೆ ಬೇಕಾದ್ದು ಎರಡು ಫೋಟೋ. ಒಂದು, ಬೋರ್ಡಿನ ಕೆಳಗಿನ ಅಂಚು ಪೂರ್ತಿ, ಅಕ್ಷರ ಓದಲು ಬರುವಷ್ಟು ಹತ್ತಿರದಿಂದ. ಇನ್ನೊಂದು, ಮಾದರಿ ಹೆಸರು ಇರುವ ಜಾಗ. ಹಾಕಿದರೆ ಯಾವ ವೈರ್ ಯಾವ ಪಿನ್ನಿಗೆ ಅಂತ ಫೋಟೋ ಮೇಲೇ ಗುರುತು ಮಾಡಿ ಕಳಿಸುತ್ತೇನೆ. ಅಲ್ಲಿ ತನಕ ಯುಎಸ್‌ಬಿ ವೈರ್ ಮಾತ್ರ ಹಾಕಬೇಡಿ, ಉಳಿದದ್ದು ಶುರು ಮಾಡಿ.