35 ದಾಟಿದ ಮೇಲೆ ಗರ್ಭ ನಿಲ್ಲುವುದು ಯಾಕೆ ಕಷ್ಟವಾಗುತ್ತದೆ?

ಮುಖ್ಯ ಕಾರಣ ಅಂಡಾಣುವಿನ ವಯಸ್ಸು. ಗಂಡಸರಲ್ಲಿ ವೀರ್ಯಾಣು ದಿನವೂ ಹೊಸದಾಗಿ ತಯಾರಾಗುತ್ತದೆ. ಅಂಡಾಣು ಹಾಗಲ್ಲ, 38ರ ಹೆಂಗಸಿನ ಅಂಡಾಣುವಿಗೂ ಹೆಚ್ಚುಕಡಿಮೆ 38 ವರ್ಷವೇ. ಅವಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅದು ಹುಟ್ಟಿ, ವಿಭಜನೆ ಶುರುಮಾಡಿ, ಅರ್ಧಕ್ಕೇ ನಿಂತುಬಿಟ್ಟಿರುತ್ತದೆ.

ಹಾಗೆ ನಿಂತಿರುವಷ್ಟು ಕಾಲವೂ ಕ್ರೋಮೋಸೋಮುಗಳನ್ನು, ಅಂದರೆ ವಂಶದ ಗುಣ ಹೊತ್ತ ಎಳೆಗಳನ್ನು, ಜೋಡಿಯಾಗಿ ಕಟ್ಟಿಹಿಡಿಯುವುದು ಕೊಹೆಸಿನ್ ಎಂಬ ಪ್ರೋಟೀನ್. ನಮ್ಮ ತೀರ್ಥಹಳ್ಳಿ ಕಡೆ ಕೊಟ್ಟಿಗೆಗೆ ಸೊಪ್ಪು ತರುವಾಗ ಹೊರೆಗೆ ಕಾಡುಬಳ್ಳಿ ಸುತ್ತುತ್ತೇವೆ, ಅಲ್ವಾ? ಅವತ್ತೇ ಹೊತ್ತು ತಂದರೆ ಕಟ್ಟು ಗಟ್ಟಿ. ಒಂದೆರಡು ಮಳೆಗಾಲ ಅಲ್ಲೇ ಬಿಟ್ಟು ಆಮೇಲೆ ಎತ್ತಿ ನೋಡಿ, ಬಳ್ಳಿ ಲಟಕ್ಕಂತ ಹರಿದು ಸೊಪ್ಪೆಲ್ಲ ಚೆಲ್ಲಾಪಿಲ್ಲಿ. ಕೊಹೆಸಿನ್ ಕೂಡ ವರ್ಷ ಕಳೆದಂತೆ ಸವೆಯುತ್ತದೆ. ಹಳೆಯ ಕಟ್ಟಿನ ಮೇಲೆ ಹೊಸ ಕಟ್ಟು ಬೀಳುವಂತೆ ಕಾಣುವುದಿಲ್ಲ.

ಅಂಡಾಣು ಬಲಿಯುವಾಗ 'ಕದಿರು' ಎಂಬ ನಾರುಗಳ ಗೊಂಚಲು ಈ ಜೋಡಿಗಳನ್ನು ಎರಡು ಕಡೆಗೆ ಎಳೆಯುತ್ತದೆ. ಕೋಶ ವಿಜ್ಞಾನಿ ಮೆಲಿನಾ ಶೂಹ್ ಅವರ ತಂಡ ಮನುಷ್ಯರ ಅಂಡಾಣುವಿನಲ್ಲಿ ಇದನ್ನು ಸೂಕ್ಷ್ಮದರ್ಶಕದಡಿ ನೋಡಿ 2015ರಲ್ಲಿ ವಿವರಿಸಿತು. ಕದಿರು ಕಟ್ಟಿಕೊಳ್ಳುವುದಕ್ಕೇ ಸುಮಾರು 16 ಗಂಟೆ! ಅದೂ ಆಗಾಗ ಓಲಾಡುತ್ತದೆ. ಹಾಗಾಗಿ ಎಳೆ ವಯಸ್ಸಿನಲ್ಲೂ ತಪ್ಪು ಆಗುತ್ತದೆ, ಕಟ್ಟು ಸಡಿಲವಾದ ಮೇಲೆ ಜಾಸ್ತಿ.

ತಪ್ಪಾದರೆ ಅಂಡಾಣುವಿನಲ್ಲಿ 23ರ ಬದಲು 22 ಅಥವಾ 24 ಕ್ರೋಮೋಸೋಮು ಉಳಿಯುತ್ತವೆ. ಅಂಥ ಗರ್ಭ ಹೆಚ್ಚಾಗಿ ನಿಲ್ಲುವುದಿಲ್ಲ. ಪಪ್ಪಾಯಿ ತಿಂದಳು, ಕೊಡ ಎತ್ತಿದಳು ಅಂತ ಸುಮ್ನೆ ಸೊಸೆಯನ್ನು ಬೈಯುತ್ತಾರೆ ಅಷ್ಟೆ. 21ನೆಯದು ಒಂದು ಹೆಚ್ಚಾದಾಗ ಮಗು ಹುಟ್ಟಬಹುದು, ಅದೇ ಡೌನ್ ಸಿಂಡ್ರೋಮ್.