ಚಿತ್ರದ ಅರ್ಥವನ್ನು ಮಾತಿನಲ್ಲಿ ಹೇಳಲು ಆಗುತ್ತದೆಯೇ?

ಮಂಗಳೂರಿನ ಒಂದು ಪ್ರದರ್ಶನದಲ್ಲಿ ಚಿತ್ರದ ಕೆಳಗೆ ‘ಅಸ್ತಿತ್ವದ ಹುಡುಕಾಟ’ ಎಂದು ಬರೆದಿತ್ತು, ಓದಿದ ಮೇಲೆ ಗೊಂದಲ ಇನ್ನೂ ಜಾಸ್ತಿಯಾಯಿತು, ಚಿತ್ರದ ಅರ್ಥವನ್ನು ಮಾತಿನಲ್ಲಿ ಹೇಳಲು ಆಗುತ್ತದೆಯೇ ಎಂದು ಕೇಳಿದ್ದೀರಿ.

ನಾನು ಕಲಾವಿದನಲ್ಲ. ಉಡುಪಿಯಲ್ಲಿ ಫ್ರೇಮ್ ಹಾಕುವ ಅಂಗಡಿ ಇಟ್ಟುಕೊಂಡಿದ್ದೇನೆ. ದಿನವಿಡೀ ಚಿತ್ರ ನೋಡುತ್ತೇನೆ, ಅದರ ಜೊತೆ ಬರುವ ಮಾತನ್ನೂ ಕೇಳುತ್ತೇನೆ. ‘ಅಸ್ತಿತ್ವದ ಹುಡುಕಾಟ’ ಅನ್ನುವ ಹೆಸರು ನಮ್ಮ ಅಂಗಡಿಯ ಕ್ಯಾಲೆಂಡರಿಗೂ ಹೊಂದುತ್ತದೆ. ಅರ್ಥವಾಗದೇ ಹೋದದ್ದು ನಿಮ್ಮ ತಪ್ಪಲ್ಲ ಬಿಡಿ.

ಹಾಗಂತ ಮಾತೇ ಬೇಡ ಎನ್ನುವವನೂ ನಾನಲ್ಲ. ಒಮ್ಮೆ ದೊಡ್ಡಮ್ಮನನ್ನು ಮಂಗಳೂರಿನ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋಗಿದ್ದೆ. ಇಟಲಿಯಿಂದ ಬಂದ ಅಂಟೋನಿಯೊ ಮೊಸ್ಕೆನಿ 1900ರ ಆಸುಪಾಸಿನಲ್ಲಿ ಗೋಡೆ, ಚಾವಣಿ ತುಂಬ ಚಿತ್ರ ಬರೆದ ಜಾಗ. ದೊಡ್ಡಮ್ಮ ಒಂದು ಸುತ್ತು ನೋಡಿ, "ಚಂದ ಉಂಟು" ಎಂದು ಬಾಗಿಲ ಕಡೆ ತಿರುಗಿದರು. ಚಾವಣಿಯ ನಡುವೆ ಇರುವುದು ಅಲೋಶಿಯಸ್ ಗೊನ್ಜಾಗನ ಕಥೆ ಎಂದು ನಾನು ಶುರು ಮಾಡಿದೆ. ದೊಡ್ಡ ಮನೆತನದ ಹಿರಿಮಗ. ಆಸ್ತಿಯನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದ. ರೋಮಿನಲ್ಲಿ ರೋಗಿಗಳ ಸೇವೆ ಮಾಡಲು ಹೋಗಿ 1591ರಲ್ಲಿ, 23ನೇ ವಯಸ್ಸಿಗೆ ತೀರಿಕೊಂಡ.

"ಇಷ್ಟು ಸಣ್ಣ ಪ್ರಾಯದಲ್ಲಾ?" ಎಂದು ದೊಡ್ಡಮ್ಮ ವಾಪಸ್ ಬಂದು ತಲೆ ಎತ್ತಿ ನಿಂತರು. ಅವರು ಸಣ್ಣವರಿದ್ದಾಗ ಸಿಡುಬು ಬಂದವರನ್ನು ಬೇರೆ ಗುಡಿಸಲಿನಲ್ಲಿ ಇಡುತ್ತಿದ್ದರಂತೆ. ನನಗೆ ಹುರುಪು ಬಂತು. ಗೋಡೆಯ ಚಿತ್ರಗಳನ್ನು ಸುಣ್ಣದ ಗಾರೆ ಹಸಿಯಿರುವಾಗಲೇ ಬರೆಯಬೇಕು, ಗಾರೆ ಒಣಗುತ್ತಾ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ತಿದ್ದುವುದು ಕಷ್ಟ ಎಂದೆಲ್ಲ ಹೇಳುತ್ತಾ ಹೋದೆ.

"ನೀನು ಸ್ವಲ್ಪ ಸುಮ್ನೆ ನಿಲ್ಲು ಮಾರಾಯ, ನೋಡ್ಲಿಕ್ಕೆ ಬಿಡು" ಎಂದರು.

ಬಾಗಿಲಿನಿಂದ ಅವರನ್ನು ವಾಪಸ್ ಕರೆತಂದದ್ದು ಮಾತೇ. ಆಮೇಲೆ ಅದು ಅಡ್ಡ ಬಂತು, ಅಷ್ಟೇ.

ಕಥೆಯಿರುವ ಚಿತ್ರಕ್ಕೆ ಇಷ್ಟಾದರೂ ಹೇಳಬಹುದು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರ ತೆಗೆದುಕೊಳ್ಳಿ. ಒಬ್ಬಳು ಕುಣಿಯುತ್ತಿದ್ದಾಳೆ. ಮುಗಿಯಿತು. ಆ ಗೆರೆಯ ಓಟವನ್ನು ಹೇಳಲು ಹೊರಟರೆ ನಮ್ಮ ಕೈಯೇ ಗಾಳಿಯಲ್ಲಿ ಗೆರೆ ಎಳೆಯಲು ಶುರು ಮಾಡುತ್ತದೆ, ಅಲ್ವಾ?

ಕಥೆಯೂ ಇಲ್ಲ, ಕುಣಿಯುವವಳೂ ಇಲ್ಲ ಎನ್ನುವಂಥ ಚಿತ್ರವೂ ಇರುತ್ತದೆ. ನಮ್ಮ ಕಡೆಯ ಒಬ್ಬ ಚಿತ್ರಕಾರರು ಮಳೆಗಾಲದ ಸಮುದ್ರದ ಚಿತ್ರ ತಂದಿದ್ದರು. ಇಡೀ ಹಾಳೆ ಬೂದು. ಎಡಗಡೆ ಕೆಳಮೂಲೆಯ ಅಂಚಿನಲ್ಲಿ ಮಾತ್ರ ಕಿರುಬೆರಳ ಉಗುರಿನಷ್ಟು ಕೆಂಪು. "ದೋಣಿಯ ದೀಪವಾ ಸರ್?" ಎಂದು ಕೇಳಿದೆ. "ಎಂತದೂ ಅಲ್ಲ. ಬ್ರಷ್‌ನಲ್ಲಿ ಉಳಿದಿತ್ತು, ಒರೆಸಿದೆ" ಎಂದರು.

ಅವರ ಮಾತು ನಂಬಿ, ಮೌಂಟ್ ಬೋರ್ಡ್ ಅಂದರೆ ಚಿತ್ರದ ಸುತ್ತ ಕೂರುವ ರಟ್ಟು ಕತ್ತರಿಸುವಾಗ ಆ ಕೆಂಪಿನ ಮೇಲೇ ಅದರ ಅಂಚು ಕೂರಿಸಿದೆ. ಗಾಜು ಹಾಕಿ, ಹಿಂದೆ ಮೊಳೆ ಹೊಡೆದು ಗೋಡೆಗೆ ಒರಗಿಸಿದರೆ ಏನೋ ಸಪ್ಪೆ. ಸಂಜೆ ಬಂದ ಅವರೂ ಫ್ರೇಮನ್ನು ಎತ್ತಿ, ಇಳಿಸಿ, ದೂರ ನಿಂತು ನೋಡಿದರು. "ಎಂತದೋ ಸರಿಯಾಗಲಿಲ್ಲ ಮಾರಾಯ್ರೆ" ಎಂದರು. ಎಂತದು ಎಂದು ಅವರಿಗೂ ಗೊತ್ತಾಗಲಿಲ್ಲ. ಮೊಳೆ ಕಿತ್ತು ಮೌಂಟ್ ತೆಗೆದೆ. ಕೆಂಪು ಹೊರಗೆ ಬಂತು. ಅಷ್ಟು ಹೊತ್ತು ಬರೀ ಬೂದು ಬಣ್ಣವಾಗಿದ್ದದ್ದು ಮತ್ತೆ ಸಮುದ್ರವಾಯಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೊಸ ಮೌಂಟ್ ಕತ್ತರಿಸಿದೆ, ನನ್ನದೇ ಖರ್ಚಿನಲ್ಲಿ. ಕಟ್ಟಿಕೊಡುವಾಗ, "ಈಗ ಹೇಳಿ, ಅದೆಂತದು?" ಎಂದು ಮತ್ತೆ ಕೇಳಿದೆ.

"ಹೇಳಿದೆನಲ್ಲ, ಬ್ರಷ್ ಒರೆಸಿದ್ದು" ಎಂದು ದುಡ್ಡು ಕೊಟ್ಟು ಹೊರಟರು.